ಬಾಯಿ ಸೊಟ್ಟಗಾದರೆ ವೈದ್ಯರು ಹಣೆಯನ್ನೇಕೆ ನೋಡುತ್ತಾರೆ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಶಿರಸಿ ಸೀಮೆಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಬಿಡುವಿನಲ್ಲಿ ತಾಳಮದ್ದಳೆಗೆ ಹೋಗಿ ಅರ್ಥ ಹೇಳುತ್ತಾರೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಳೆದ ವಾರ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಹಿಂದಿನ ದಿನದಿಂದಲೇ ಎಡಗಿವಿಯ ಹಿಂದೆ ನೋವಿತ್ತಂತೆ. ಕುಕ್ಕರಿನ ಸೀಟಿ ಆ ಕಿವಿಗೆ ಚುಚ್ಚಿದಂತಾಗುತ್ತದೆ, ಊಟಕ್ಕೆ ರುಚಿಯಿಲ್ಲ, ಕೆನ್ನೆ ಜೋಮು ಹಿಡಿದಂತಿದೆ ಎನ್ನುತ್ತಾರೆ. ಅಂದೇ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ಹುಬ್ಬು ಮೇಲೆತ್ತಿಸಿದರು, ಕಣ್ಣು ಮುಚ್ಚಿಸಿದರು, ಕೈಗಳನ್ನು ಮುಂದಕ್ಕೆ ಚಾಚಿಸಿದರು, ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಐದೇ ನಿಮಿಷದಲ್ಲಿ ‘ಇದು ಮಿದುಳಿನದಲ್ಲ, ನರದ್ದು, ಈಗ ಸ್ಕ್ಯಾನ್ ಬೇಡ’ ಎಂದು ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದವರೆಲ್ಲ ಲಕ್ವ ಹೊಡೆದಿದೆ, ಸ್ಕ್ಯಾನ್ ಮಾಡಿಸದೆ ಬಂದದ್ದು ತಪ್ಪು ಎನ್ನುತ್ತಿದ್ದಾರೆ. ತಲೆಬುರುಡೆಯೊಳಗಿನದು ಹೊರಗಿನಿಂದಲೇ ಹೇಗೆ ಗೊತ್ತಾಗುತ್ತದೆ? ಅಪ್ಪ ಮತ್ತೆ ಅರ್ಥ ಹೇಳುವಂತಾಗುತ್ತದೆಯೆ?

ಉತ್ತರ: ನಿಮ್ಮ ತಂದೆಯವರ ವೈದ್ಯರು ಆ ಐದು ನಿಮಿಷಗಳಲ್ಲಿ ಮಾಡಿದ್ದು ಅವಸರದ ತಪಾಸಣೆಯಲ್ಲ. ನೀವು ಬರೆದಿರುವ ಕ್ರಮವನ್ನು ನೋಡಿದರೆ, ಮಿದುಳಿನ ಮೇಲ್ಪದರದಿಂದ ತುಟಿಯ ಅಂಚಿನವರೆಗೆ ಒಂದು ತಂತಿ ಹಾಯ್ದು ಬರುವ ದಾರಿಯನ್ನು ಅವರು ಹಂತ ಹಂತವಾಗಿ ಪರೀಕ್ಷಿಸಿ, ತೊಂದರೆ ಎಲ್ಲಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ಎಲ್ಲಿದೆ ಎಂಬುದನ್ನು ಆಮೇಲೆ ಗುರುತಿಸಿದ್ದಾರೆ. ನಿಮ್ಮ ತಂದೆಯವರಿಗೆ ಆಗಿರುವುದು ಬಹುಮಟ್ಟಿಗೆ ಬೆಲ್ಸ್ ಪಾಲ್ಸಿ, ಅಂದರೆ ಮುಖವನ್ನು ಆಡಿಸುವ ಏಳನೆಯ ಕಪಾಲ ನರದ ತಾತ್ಕಾಲಿಕ ಸೋಲು. ಇದನ್ನು ಹೇಳಿಕೊಟ್ಟ ಮುಖ್ಯ ಸಾಕ್ಷಿ ಅವರ ಹಣೆ. ಬಾಯಿ ಸೊಟ್ಟಗಾದವರ ಹಣೆಯನ್ನು ವೈದ್ಯರು ಏಕೆ ನೋಡುತ್ತಾರೆ ಎಂಬುದು ಅರ್ಥವಾದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲಿಗೆ ಉತ್ತರ ಸಿಕ್ಕಂತೆ.

ಮುಖದ ಚಲನೆಗೆ ಆಜ್ಞೆ ಹೊರಡುವುದು ಮಿದುಳಿನ ಮುಂಭಾಗದ ಹಾಲೆಯ ಹಿಂದಿನ ಅಂಚಿನಿಂದ. ಅಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಪಟ್ಟಿಯಂತಹ ಒಂದು ಮಡಿಕೆಯಿದೆ; ದೇಹದ ಇಚ್ಛಾಚಲನೆಗಳೆಲ್ಲ ಅಲ್ಲಿ ಒಂದು ನಕ್ಷೆಯಂತೆ ಹಂಚಿಕೊಂಡಿವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಎಚ್ಚರದಲ್ಲಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು ಈ ನಕ್ಷೆಯನ್ನು ಬಿಡಿಸಿ 1937ರಲ್ಲಿ ಪ್ರಕಟಿಸಿದರು. ಆ ನಕ್ಷೆಯ ಮನುಷ್ಯ ತಲೆಕೆಳಗಾಗಿ ನೇತಾಡುತ್ತಾನೆ: ಕಾಲು ಮೇಲೆ, ಮುಖ ಕೆಳಗೆ. ಅವನ ಬೆನ್ನಿಗೆ ಬೆರಳಗಲದ ಜಾಗವೂ ಇಲ್ಲ. ಹೆಬ್ಬೆರಳು, ತುಟಿ, ನಾಲಿಗೆಗಳಿಗೆ ಮಾತ್ರ ವಿಶಾಲವಾದ ಜಾಗವಿದೆ. ಸೂಕ್ಷ್ಮವಾಗಿ ಆಡಬೇಕಾದ ಅಂಗಕ್ಕೆ ಹೆಚ್ಚು ಜಾಗ, ಅಷ್ಟೇ ಲೆಕ್ಕ.

ಈ ಪಟ್ಟಿಯಿಂದ ಹೊರಟ ತಂತುಗಳು ಮಿದುಳುಕಾಂಡಕ್ಕೆ ಇಳಿಯುತ್ತವೆ. ಇಡೀ ಮಿದುಳು ಸುಮಾರು 1.3ರಿಂದ 1.4 ಕಿಲೋ ತೂಗುತ್ತದೆ. ಅದರ ಬುಡದಲ್ಲಿರುವ ಕಾಂಡ ಹೆಚ್ಚುಕಡಿಮೆ ಹೆಬ್ಬೆರಳಿನಷ್ಟಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೂ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದೆ. ಅಲ್ಲಿ ಒಮ್ಮೆ ಈ ಕಾಂಡವನ್ನು ನೋಡಿದವರಿಗೆ, ಉಸಿರಾಟ, ನುಂಗುವಿಕೆ, ಕಣ್ಣಾಡಿಸುವುದು, ಎಚ್ಚರವಾಗಿರುವುದು ಎಲ್ಲವೂ ಇಷ್ಟು ಚಿಕ್ಕ ಜಾಗದಲ್ಲಿ ಅಡಕವಾಗಿವೆ ಎಂದು ನಂಬುವುದು ಕಷ್ಟವಾಗುತ್ತದೆ. ಕಾಂಡದ ನಡುಭಾಗ ಮುಂದಕ್ಕೆ ಉಬ್ಬಿಕೊಂಡಿದೆ; ಅದಕ್ಕೆ ಪಾನ್ಸ್ ಎಂದು ಹೆಸರು. ಮುಖದ ನರದ ಕೇಂದ್ರ ಇರುವುದು ಅಲ್ಲಿ, ಬಲಕ್ಕೊಂದು, ಎಡಕ್ಕೊಂದು.

ಈಗ ಹಣೆಯ ವಿಷಯಕ್ಕೆ ಬರೋಣ. ಮಿದುಳಿನ ಬಲ ಅರ್ಧ ದೇಹದ ಎಡಭಾಗವನ್ನು ಆಳುತ್ತದೆ, ಎಡ ಅರ್ಧ ಬಲಭಾಗವನ್ನು ಆಳುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಬಾಯಿ, ಕೆನ್ನೆಗಳ ಮಟ್ಟಿಗೆ ಅದು ನಿಜ. ಆದರೆ ಪಾನ್ಸ್‌ನಲ್ಲಿರುವ ಮುಖದ ಕೇಂದ್ರದಲ್ಲಿ ಹಣೆ ಮತ್ತು ಹುಬ್ಬಿಗೆ ಸಂಬಂಧಪಟ್ಟ ಭಾಗಕ್ಕೆ ಮಿದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುತ್ತದೆ. ಹೀಗಾಗಿ ಬಲ ಮಿದುಳಿನಲ್ಲಿ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆದರೆ ಎಡಗಡೆಯ ಬಾಯಿ ಜೋಲುತ್ತದೆ, ಆದರೆ ಎಡ ಹುಬ್ಬು ಮೇಲೇಳುತ್ತದೆ, ಹಣೆಯಲ್ಲಿ ಗೆರೆಗಳು ಮೂಡುತ್ತವೆ. ಏಕೆಂದರೆ ಎಡ ಮಿದುಳಿನಿಂದ ಬರುವ ಇನ್ನೊಂದು ದಾರಿ ತೆರೆದೇ ಇರುತ್ತದೆ. ಪಾನ್ಸ್‌ನಿಂದ ಹೊರಬಿದ್ದ ಮೇಲೆ ಹೀಗಲ್ಲ. ಅಲ್ಲಿಂದ ಮುಂದಕ್ಕೆ ಹಣೆ, ಕಣ್ಣು, ಬಾಯಿ ಎಲ್ಲಕ್ಕೂ ಸೇರಿ ಒಂದು ಕಡೆಗೆ ಒಂದೇ ನರ. ಅದು ಸೋತರೆ ಅರ್ಧ ಮುಖ ಹಣೆಯಿಂದ ಗಲ್ಲದವರೆಗೆ ಸೋಲುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದಾಗ ನೀವೇ ಮಾಡುವ ಪರೀಕ್ಷೆ ಇದು: ಊರಿಗೆ ಎರಡು ಕಡೆಯಿಂದ ಲೈನ್ ಇದ್ದರೆ ಒಂದು ಕಡೆ ಮರ ಬಿದ್ದರೂ ದೀಪ ಉರಿಯುತ್ತದೆ, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರೇ ಕಡಿದರೆ ಅಡುಗೆಮನೆ, ಜಗುಲಿ, ಕೊಟ್ಟಿಗೆ ಎಲ್ಲ ಒಟ್ಟಿಗೆ ಕತ್ತಲಾಗುತ್ತದೆ. ನಿಮ್ಮ ತಂದೆಯವರ ಎಡ ಹುಬ್ಬು ಏಳಲಿಲ್ಲ, ಎಡಗಣ್ಣು ಮುಚ್ಚಲಿಲ್ಲ, ಬಾಯಿ ಎಳೆಯಲಿಲ್ಲ. ಚಾಚಿದ ಕೈಗಳು ಮಾತ್ರ ಎರಡೂ ಸಮನಾಗಿ ನಿಂತಿರಬೇಕು. ಹಾಗಾಗಿ ಕಡಿದಿರುವುದು ಸರ್ವಿಸ್ ವೈರು.

ಇಲ್ಲೊಂದು ಎಚ್ಚರಿಕೆಯನ್ನು ನಡುವೆಯೇ ಹೇಳಿಬಿಡುತ್ತೇನೆ. ಈ ವಿವರಣೆಯನ್ನು ಓದಿ ಯಾರೂ ಮನೆಯಲ್ಲಿ ಹಣೆ ನೋಡಿ ತೀರ್ಮಾನಕ್ಕೆ ಬರಬಾರದು. ಬಾಯಿ ಏಕಾಏಕಿ ಸೊಟ್ಟಗಾದರೆ ಅದನ್ನು ಸ್ಟ್ರೋಕ್ ಎಂದೇ ಭಾವಿಸಿ 108ಕ್ಕೆ ಕರೆ ಮಾಡಬೇಕು. ಕಟ್ಟಿಕೊಂಡ ರಕ್ತನಾಳದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮನೆಯಲ್ಲಿ ಚರ್ಚೆ ಮಾಡುತ್ತ ಕೂತರೆ ಆ ಹೊತ್ತು ಕಳೆದುಹೋಗುತ್ತದೆ. ಜೊತೆಗೆ, ಹಣೆಯ ನಿಯಮಕ್ಕೂ ಅಪವಾದವಿದೆ. ಸ್ಟ್ರೋಕ್ ಪಾನ್ಸ್‌ನೊಳಗೇ ಆಗಿ ಮುಖದ ಕೇಂದ್ರವನ್ನೇ ಕೆಡಿಸಿದರೆ ಆಗಲೂ ಹಣೆಸಹಿತ ಅರ್ಧ ಮುಖ ಸೋಲುತ್ತದೆ. ಆದರೆ ಅಲ್ಲಿ ಸೃಷ್ಟಿಯ ಒಂದು ವಿಚಿತ್ರ ಜೋಡಣೆ ವೈದ್ಯರ ನೆರವಿಗೆ ಬರುತ್ತದೆ. ಏಳನೆಯ ನರದ ತಂತುಗಳು ಪಾನ್ಸ್‌ನಿಂದ ನೇರವಾಗಿ ಹೊರಬರುವುದಿಲ್ಲ. ಕಣ್ಣನ್ನು ಹೊರಗಡೆಗೆ ತಿರುಗಿಸುವ ಆರನೆಯ ನರದ ಕೇಂದ್ರಕ್ಕೆ ಒಂದು ಸುತ್ತು ಹಾಕಿಕೊಂಡು ಬರುತ್ತವೆ. ಆದ್ದರಿಂದ ಅಲ್ಲಿ ಏಟು ಬಿದ್ದರೆ ಸಾಮಾನ್ಯವಾಗಿ ಕಣ್ಣು ಹೊರಗೆ ತಿರುಗುವುದಿಲ್ಲ, ಎರಡೆರಡಾಗಿ ಕಾಣುತ್ತದೆ, ಅಥವಾ ಎದುರುಗಡೆಯ ಕೈಕಾಲು ಸೋಲುತ್ತದೆ, ನಡಿಗೆ ತೂರಾಡುತ್ತದೆ. ವೈದ್ಯರು ಕೈ ಚಾಚಿಸಿ ನೋಡಿದ್ದು ಇದಕ್ಕಾಗಿಯೇ. ಬೆರಳನ್ನು ಆಚೀಚೆ ಆಡಿಸಿ ಕಣ್ಣಿನ ಚಲನೆಯನ್ನೂ ನೋಡಿರುತ್ತಾರೆ, ನೀವು ಗಮನಿಸಿರಲಿಕ್ಕಿಲ್ಲ.

ಕಪಾಲ ನರಗಳು ಒಟ್ಟು ಹನ್ನೆರಡು ಜೊತೆ. ಬೆನ್ನುಹುರಿಯ ಮೂಲಕ ಹೋಗದೆ ನೇರವಾಗಿ ಮಿದುಳಿನಿಂದ ಹೊರಟು ಬುರುಡೆಯ ರಂಧ್ರಗಳ ಮೂಲಕ ಹೊರಬರುವುದರಿಂದ ಅವಕ್ಕೆ ಈ ಹೆಸರು, ಮುಂದಿನಿಂದ ಹಿಂದಕ್ಕೆ ಎಣಿಸಿದ್ದರಿಂದ ಈ ಸಂಖ್ಯೆ. ಮೊದಲನೆಯದು ವಾಸನೆಗೆ, ಎರಡನೆಯದು ನೋಟಕ್ಕೆ. ಇವೆರಡೂ ನಿಜದಲ್ಲಿ ಮಿದುಳೇ ಹೊರಗೆ ಚಾಚಿಕೊಂಡ ಕೈಗಳಂತಿದ್ದು, ಉಳಿದ ಹತ್ತು ಮಾತ್ರ ಕಾಂಡದ ಸುತ್ತಮುತ್ತ ಹುಟ್ಟುತ್ತವೆ. ಮೂರು, ನಾಲ್ಕು, ಆರು ಕಣ್ಣುಗುಡ್ಡೆಯನ್ನು ಆಡಿಸುತ್ತವೆ. ಎಂಟನೆಯದು ಕೇಳುವುದಕ್ಕೂ ದೇಹದ ಸಮತೋಲಕ್ಕೂ ಇದೆ. ಒಂಬತ್ತು ಮತ್ತು ಹತ್ತು ಗಂಟಲಿನವು; ಹತ್ತನೆಯದು ಅಲ್ಲಿಗೆ ನಿಲ್ಲದೆ ಹೃದಯ, ಶ್ವಾಸಕೋಶ, ಕರುಳಿನವರೆಗೂ ಅಲೆಯುತ್ತದೆ. ಹನ್ನೊಂದು ಕುತ್ತಿಗೆ ತಿರುಗಿಸಿ ಭುಜ ಕುಣಿಸುವುದಕ್ಕೆ, ಹನ್ನೆರಡು ನಾಲಿಗೆಗೆ.

ನಿಮ್ಮ ತಂದೆಯವರ ವಿಷಯದಲ್ಲಿ ಐದನೆಯದನ್ನೂ ಏಳನೆಯದನ್ನೂ ಬೇರೆ ಮಾಡಿ ನೋಡಬೇಕು, ಜನ ಗೊಂದಲಕ್ಕೊಳಗಾಗುವುದು ಇಲ್ಲಿಯೇ. ಮುಖದ ಸ್ಪರ್ಶಜ್ಞಾನ ಐದನೆಯದರದ್ದು. ಮುಖದ ಚಲನೆ ಏಳನೆಯದರದ್ದು. ಆದರೆ ಅಗಿಯುವ ಸ್ನಾಯುಗಳು ಐದನೆಯದರ ಪಾಲಿಗೆ ಸೇರಿವೆ. ಹೀಗಾಗಿ ನಿಮ್ಮ ತಂದೆಯವರು ಚಕ್ಕುಲಿಯನ್ನು ಕಡಿಯಬಲ್ಲರು, ಆದರೆ ಕಡಿದದ್ದು ಎಡಗೆನ್ನೆ ಮತ್ತು ವಸಡಿನ ನಡುವೆ ಸಿಕ್ಕಿಕೊಂಡು, ಬೆರಳು ಹಾಕಿ ತೆಗೆಯಬೇಕಾಗುತ್ತದೆ. ಅಗಿದ ತುತ್ತನ್ನು ಹಲ್ಲಿನತ್ತ ಒತ್ತುವ ಕೆನ್ನೆಯ ಸ್ನಾಯು ಏಳನೆಯದರದ್ದು. ಕೆನ್ನೆ ಜೋಮು ಹಿಡಿದಂತಿದೆ ಎನ್ನುತ್ತಾರಲ್ಲ, ಹತ್ತಿಯ ಎಳೆಯಿಂದ ಸವರಿ ನೋಡಿದರೆ ಬಹುತೇಕ ಇಂತಹ ರೋಗಿಗಳಿಗೆ ಸ್ಪರ್ಶ ಚೆನ್ನಾಗಿಯೇ ಗೊತ್ತಾಗುತ್ತದೆ. ಅಲ್ಲಾಡದ ಕೆನ್ನೆ ಭಾರವಾಗಿ, ಪರಕೀಯವಾಗಿ ಅನಿಸುತ್ತದೆ. ಅದನ್ನು ಜನ ಜೋಮು ಎಂದು ಹೇಳುತ್ತಾರೆ. ಕಣ್ಣಿನದೂ ಹೀಗೆಯೇ: ರೆಪ್ಪೆಯನ್ನು ಮೇಲೆತ್ತುವುದು ಮೂರನೆಯ ನರ, ಮುಚ್ಚುವುದು ಏಳನೆಯದು. ಆದ್ದರಿಂದ ಏಳನೆಯದು ಸೋತಾಗ ಕಣ್ಣು ತೆರೆದೇ ಇರುತ್ತದೆ, ಮೂರನೆಯದು ಸೋತಾಗ ರೆಪ್ಪೆ ಮುಚ್ಚಿಬೀಳುತ್ತದೆ. ಮುಚ್ಚಲು ಹೋದಾಗ ಎಡಗಣ್ಣಿನ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಭಾಗ ಕಾಣುತ್ತಿದ್ದರೆ ಹೆದರಬೇಡಿ. ನಾವೆಲ್ಲರೂ ಕಣ್ಣು ಮುಚ್ಚಿದಾಗ ಗುಡ್ಡೆ ಹಾಗೆಯೇ ಹೊರಳುತ್ತದೆ, ರೆಪ್ಪೆ ಮುಚ್ಚಿರುವುದರಿಂದ ಕಾಣುವುದಿಲ್ಲ, ಅಷ್ಟೆ.

ಪಾನ್ಸ್ ಬಿಟ್ಟ ಏಳನೆಯ ನರ ಎಂಟನೆಯದರ ಜೊತೆಗೂಡಿ ಕಿವಿಯ ಕಡೆಗೆ ಸಾಗಿ, ಕಿವಿಯ ಸುತ್ತಲಿನ ಗಟ್ಟಿ ಮೂಳೆಯೊಳಗೆ ನುಗ್ಗುತ್ತದೆ. ಅಲ್ಲಿ ಅದಕ್ಕೆಂದೇ ಕೊರೆದಂತಿರುವ ಒಂದು ಸುರಂಗವಿದೆ, ಉದ್ದ ಸುಮಾರು 3 ಸೆಂಟಿಮೀಟರ್. ಇಷ್ಟು ಉದ್ದಕ್ಕೆ ಮೂಳೆಯ ಕೊಳವೆಯೊಳಗೆ ಹಾಯುವ ನರಗಳು ದೇಹದಲ್ಲಿ ಅಪರೂಪ. ಆ ಸುರಂಗದ ಬಾಯಲ್ಲೇ ಅತಿ ಇಕ್ಕಟ್ಟಾದ ಜಾಗವಿದ್ದು, ಅದರ ಅಗಲ ಸುಮಾರು 0.7 ಮಿಲಿಮೀಟರ್. ಸುಮಾರು ಹತ್ತು ಸಾವಿರ ತಂತುಗಳಿರುವ ನರ ಆ ಕಿಂಡಿಯಲ್ಲಿ ತೂರಿ ಬರಬೇಕು. ಮೊಣಕೈಯಂತೆ ಬಾಗುವ ಜಾಗದಲ್ಲಿ ಕಣ್ಣೀರಿನ ಗ್ರಂಥಿಯತ್ತ ಒಂದು ಕವಲು ಹೊರಡುತ್ತದೆ. ಸ್ವಲ್ಪ ಕೆಳಗೆ, ಮಧ್ಯಕಿವಿಯ ಬಳಿ, ದೇಹದ ಅತಿ ಚಿಕ್ಕ ಸ್ನಾಯುವೊಂದಕ್ಕೆ ಕವಲು ಹೋಗುತ್ತದೆ: ಕಿವಿಯೊಳಗಿನ ರಿಕಾಪು ಆಕಾರದ ಮೂಳೆಯನ್ನು ಜಗ್ಗಿ ಹಿಡಿದು, ದೊಡ್ಡ ಶಬ್ದ ಬಂದಾಗ ಅದರ ಕುಣಿತವನ್ನು ತಗ್ಗಿಸುವುದು ಈ ಸ್ನಾಯುವಿನ ಕೆಲಸ. ಕುಕ್ಕರಿನ ಸೀಟಿ ಚುಚ್ಚುವುದು ಇದು ಸೋತಿರುವುದರಿಂದ. ಇನ್ನೂ ಕೆಳಗೆ, ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿಯನ್ನು ಹೊತ್ತು ತರುವ ಕವಲು ಸೇರಿಕೊಳ್ಳುತ್ತದೆ. ಊಟ ಸಪ್ಪೆಯಾಗಲು ಅದು ಕಾರಣ. ಕಿವಿಯ ಹಿಂದಿನ ಉಬ್ಬು ಮೂಳೆಯ ಪಕ್ಕದ ರಂಧ್ರದಿಂದ ನರ ಹೊರಬಂದು, ಕೆನ್ನೆಯ ಜೊಲ್ಲುಗ್ರಂಥಿಯೊಳಗೆ ಹೊಕ್ಕು, ಅಲ್ಲಿ ಅಗಲಿಸಿದ ಕೈಬೆರಳುಗಳಂತೆ ಐದು ಶಾಖೆಗಳಾಗಿ ಹಣೆ, ಕಣ್ಣು, ಕೆನ್ನೆ, ಕೆಳತುಟಿ, ಕುತ್ತಿಗೆಗಳಿಗೆ ಹರಡುತ್ತದೆ.

ಹೀಗೆ, ಕಿವಿ ಚುಚ್ಚುತ್ತದೆ, ರುಚಿಯಿಲ್ಲ ಎಂಬ ನಿಮ್ಮ ತಂದೆಯವರ ಎರಡು ಮಾತುಗಳು, ಪೆಟ್ಟು ಬಿದ್ದಿರುವುದು ಮೂಳೆಯ ಸುರಂಗದೊಳಗೆ, ಕಿವಿಯ ಕವಲಿಗಿಂತ ಮೇಲೆ ಎಂದು ಸೂಚಿಸುತ್ತವೆ. ಹಿಂದೆ ಕಣ್ಣೀರು, ಜೊಲ್ಲು, ರುಚಿ ಎಲ್ಲವನ್ನೂ ಅಳೆದು ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸಲು ಹೋಗುತ್ತಿದ್ದರು. ಊದಿಕೊಂಡ ನರದಲ್ಲಿ ಎಲ್ಲ ತಂತುಗಳೂ ಸಮನಾಗಿ ಸೋಲುವುದಿಲ್ಲವಾದ್ದರಿಂದ ಆ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲ, ಈಗ ಅದನ್ನು ಬಿಟ್ಟಿದ್ದಾರೆ. ಆದರೆ ಒಂದು ಮಾತು ನಿಲ್ಲುತ್ತದೆ: ಮಿದುಳಿನ ಮೇಲ್ಪದರದ ಸ್ಟ್ರೋಕಿನಲ್ಲಿ ಬಾಯಿ ಸೊಟ್ಟಗಾದವರಿಗೆ ಹೀಗೆ ಒಂದೇ ಕಿವಿಗೆ ಕುಕ್ಕರಿನ ಸೀಟಿ ಚುಚ್ಚುವುದಿಲ್ಲ.

ನರ ಏಕೆ ಊದಿಕೊಂಡಿತು? ನಿಮ್ಮ ಮನೆಗೆ ಬಂದವರಲ್ಲಿ ಒಬ್ಬರಾದರೂ ಬಸ್ಸಿನ ಕಿಟಕಿಯ ಗಾಳಿ ಎಂದಿರುತ್ತಾರೆ. ಆಯುರ್ವೇದದ ಹಳೆಯ ಗ್ರಂಥಗಳು ಇದನ್ನು ಅರ್ದಿತ ಎಂದು ಕರೆದು ವಾತರೋಗಗಳಲ್ಲಿ ಸೇರಿಸಿವೆ. ನಮ್ಮ ಆಡುಮಾತಿನ ‘ವಾಯು’, ‘ಗಾಳಿ ಬಡಿದದ್ದು’ ಎಂಬ ಮಾತುಗಳಿಗೆ ಅಷ್ಟು ಹಳೆಯ ಬೇರಿದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮುಖದ ನರಗಳ ಬಗ್ಗೆ ಪ್ರಬಂಧ ಮಂಡಿಸಿ, ಸ್ಪರ್ಶದ ನರ ಬೇರೆ, ಚಲನೆಯ ನರ ಬೇರೆ ಎಂದು ತೋರಿಸಿದ್ದರಿಂದ ರೋಗಕ್ಕೆ ಅವರ ಹೆಸರು ಉಳಿಯಿತು. ಕಾರಣದ ಬಗ್ಗೆ ಈಗಿರುವ ಬಲವಾದ ಅನುಮಾನ ತುಟಿಯ ಮೇಲೆ ಜ್ವರಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಮೇಲಿದೆ. ಅದು ಬಾಲ್ಯದಲ್ಲೇ ದೇಹ ಹೊಕ್ಕು ನರದ ಗಂಟಿನಲ್ಲಿ ಮಲಗಿರುತ್ತದೆ. ಜಪಾನಿನಲ್ಲಿ ಮುರಕಾಮಿ ಮತ್ತು ಸಂಗಡಿಗರು ತೀವ್ರ ಬೆಲ್ಸ್ ಪಾಲ್ಸಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ನರದೊಳಗಿನ ದ್ರವವನ್ನು ತೆಗೆದು ಪರೀಕ್ಷಿಸಿ, 14 ರೋಗಿಗಳಲ್ಲಿ 11 ಮಂದಿಯಲ್ಲಿ ಈ ವೈರಸ್ಸಿನ ಕುರುಹು ಕಂಡಿದ್ದಾಗಿ 1996ರಲ್ಲಿ ವರದಿ ಮಾಡಿದರು. ವೈರಸ್ ಎಚ್ಚರವಾಗಿ ನರ ಊದಿದರೆ ಬೇರೆಡೆಯಾದರೆ ಹಿಗ್ಗಲು ಜಾಗವಿರುತ್ತದೆ. ಇಲ್ಲಿ ಸುತ್ತಲೂ ಮೂಳೆ. ಊತವೇ ನರವನ್ನು ಹಿಸುಕಿ, ಅದಕ್ಕೆ ರಕ್ತ ಬರದಂತೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ, ಇದು ಹೆಚ್ಚು. ಕಿಟಕಿಯ ಗಾಳಿಯ ಮೇಲೆ ಹೊರಿಸಿರುವ ತಪ್ಪು ಸಾಬೀತಾಗಿಲ್ಲ. ತಂದೆಯವರಿಗೆ ಮಫ್ಲರು ಸುತ್ತಿ ಕೂರಿಸುವುದರಿಂದ ಕೆಡುಕಿಲ್ಲ, ಪ್ರಯೋಜನವೂ ಇಲ್ಲ.

ಕಿವಿಯೊಳಗೆ ಬೆಳಕು ಬಿಟ್ಟು ನೋಡಿದ್ದಕ್ಕೆ ಎರಡು ಕಾರಣಗಳಿವೆ. ಸರ್ಪಸುತ್ತಿನ ವೈರಸ್ ಇದೇ ನರವನ್ನು ಹಿಡಿದರೆ ಕಿವಿಯ ರಂಧ್ರದಲ್ಲಿ, ಕೆಲವೊಮ್ಮೆ ಅಂಗುಳಿನಲ್ಲಿ, ನೀರುಗುಳ್ಳೆಗಳು ಏಳುತ್ತವೆ. 1907ರಲ್ಲಿ ಇದನ್ನು ವಿವರಿಸಿದ ರಾಮ್ಸೆ ಹಂಟ್ ಹೆಸರಿನಲ್ಲಿ ಕರೆಯಲಾಗುವ ಈ ರೋಗ ಹೆಚ್ಚು ನೋವಿನದು, ಚೇತರಿಕೆ ಕಡಿಮೆ, ಚಿಕಿತ್ಸೆಯೂ ಸ್ವಲ್ಪ ಬೇರೆ. ಎರಡನೆಯದು, ಹಳೆಯ ಸೋರುವ ಕಿವಿ. ಮಧ್ಯಕಿವಿಯಲ್ಲಿ ಬಹುಕಾಲದ ಸೋಂಕಿದ್ದರೆ ಅದು ಸುರಂಗದ ಮೂಳೆಯನ್ನು ತಿಂದು ನರಕ್ಕೆ ತಾಗಬಹುದು. ಅದಕ್ಕೆ ಕಿವಿಯ ಶಸ್ತ್ರಚಿಕಿತ್ಸೆಯೇ ಬೇಕು. ಕೆನ್ನೆಯ ಗ್ರಂಥಿಯಲ್ಲಿ ಗಂಟಿದೆಯೇ, ಮುಖದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯಿದೆಯೇ ಎಂದೂ ನೋಡುವುದುಂಟು, ಏಕೆಂದರೆ ನಮ್ಮ ದೇಶದಲ್ಲಿ ಕುಷ್ಠರೋಗ ಇನ್ನೂ ಅಲ್ಲಲ್ಲಿ ಮುಖದ ನರವನ್ನು ಹಿಡಿಯುತ್ತದೆ. ಇವೊಂದೂ ಇಲ್ಲದೆ, ಒಂದೆರಡು ದಿನದಲ್ಲಿ ಏಕಾಏಕಿ, ಒಂದೇ ಕಡೆ, ಹಣೆಸಹಿತ ಸೋತ ಮುಖಕ್ಕೆ ಮೊದಲ ದಿನವೇ ಸ್ಕ್ಯಾನ್ ಮಾಡಿಸಬೇಕಾದ ಅಗತ್ಯವಿಲ್ಲ. ಮಾಡಿಸಿದ್ದರೂ ಸಿಟಿ ಸ್ಕ್ಯಾನಿನಲ್ಲಿ ಆ ಊದಿದ ನರ ಕಾಣುತ್ತಿರಲಿಲ್ಲ. ‘ನಾರ್ಮಲ್’ ಎಂಬ ಕಾಗದ ಹಿಡಿದು ನೀವು ಇನ್ನಷ್ಟು ಗೊಂದಲಕ್ಕೊಳಗಾಗುತ್ತಿದ್ದಿರಿ. ಸೋಲು ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತ ಹೋದರೆ, ಎರಡೂ ಕಡೆ ಹಿಡಿದರೆ, ಕಿವುಡು ಅಥವಾ ತಲೆಸುತ್ತು ಜೊತೆಗೂಡಿದರೆ, ಅಥವಾ ಮೂರ್ನಾಲ್ಕು ತಿಂಗಳಾದರೂ ಒಂದಿಷ್ಟೂ ಅಲುಗಾಟ ಕಾಣದಿದ್ದರೆ, ಆಗ ಎಂಆರ್‌ಐ ಮಾಡಿಸಲೇಬೇಕು.

ವೈದ್ಯರು ಬರೆದುಕೊಟ್ಟ ಮಾತ್ರೆ ಪ್ರೆಡ್ನಿಸೊಲೋನ್ ಇರಬೇಕು. ಇದು ಸ್ಟೆರಾಯ್ಡ್, ಊತ ಇಳಿಸುವಂಥದು, 72 ಗಂಟೆಯೊಳಗೆ ಶುರುಮಾಡಿದರೆ ಮಾತ್ರ ಫಲ ಚೆನ್ನಾಗಿರುತ್ತದೆ. ಸ್ಕಾಟ್ಲೆಂಡಿನಲ್ಲಿ 551 ರೋಗಿಗಳನ್ನು ಸೇರಿಸಿ ನಡೆಸಿ 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹತ್ತು ದಿನ ಈ ಮಾತ್ರೆ ತೆಗೆದುಕೊಂಡವರಲ್ಲಿ ಮೂರು ತಿಂಗಳಿಗೆ ಶೇ 83 ಮಂದಿಯ ಮುಖ ಮೊದಲಿನಂತಾಗಿತ್ತು. ತೆಗೆದುಕೊಳ್ಳದವರಲ್ಲಿ ಶೇ 63.6. ಒಂಬತ್ತು ತಿಂಗಳಿಗೆ ಅದು ಕ್ರಮವಾಗಿ ಶೇ 94.4 ಮತ್ತು ಶೇ 81.6 ಆಗಿತ್ತು. ವೈರಸ್ ವಿರುದ್ಧದ ಮಾತ್ರೆ ಒಂದನ್ನೇ ಕೊಟ್ಟಾಗ ಅಲ್ಲಿ ಪ್ರಯೋಜನ ಕಾಣಲಿಲ್ಲ. ಆದರೆ ಸ್ಟೆರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆಯಿರುವ ನಿಮ್ಮ ತಂದೆಯವರು ಈ ಹತ್ತು ದಿನ, ವಿಶೇಷವಾಗಿ ಮಧ್ಯಾಹ್ನ ಮತ್ತು ಸಂಜೆ, ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಬೇಕು. ಏರಿದರೆ ಸಕ್ಕರೆಯ ಔಷಧಿಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ ಹೆಚ್ಚಿಸಿಕೊಳ್ಳಬೇಕೇ ಹೊರತು ಹೆದರಿ ಸ್ಟೆರಾಯ್ಡನ್ನು ನಡುವೆ ನಿಲ್ಲಿಸಬಾರದು.

ಮುಖಕ್ಕಿಂತ ಹೆಚ್ಚು ಕಾಳಜಿ ಬೇಕಿರುವುದು ಕಣ್ಣಿಗೆ. ಕಣ್ಣಿನ ಕರಿಗುಡ್ಡೆಗೆ ಧೂಳು ತಾಗಿದ ಸುದ್ದಿಯನ್ನು ಐದನೆಯ ನರ ಪಾನ್ಸ್‌ಗೆ ಒಯ್ಯುತ್ತದೆ, ಪಾನ್ಸ್‌ನಿಂದ ‘ಮುಚ್ಚು’ ಎಂಬ ಆಜ್ಞೆಯನ್ನು ಏಳನೆಯದು ತರುತ್ತದೆ. ನಾವು ಯೋಚಿಸುವ ಮೊದಲೇ ರೆಪ್ಪೆ ಬಡಿದಿರುತ್ತದೆ. ಸುದ್ದಿ ಹೋಗುವ ದಾರಿ ಸರಿಯಿದ್ದು ಆಜ್ಞೆ ಬರುವ ದಾರಿ ಕಡಿದಿರುವುದರಿಂದ ಈಗ ಅವರ ಕಣ್ಣಿಗೆ ನೋವಾಗುತ್ತದೆ, ಆದರೆ ಅದು ತನ್ನನ್ನು ಕಾಪಾಡಿಕೊಳ್ಳಲಾರದು. ಒಣಗಿದ ಗುಡ್ಡೆಯಲ್ಲಿ ಹುಣ್ಣಾದರೆ, ಮುಖ ಸರಿಯಾದ ಮೇಲೂ ದೃಷ್ಟಿಯ ಮೇಲೆ ಮಸುಕು ಉಳಿದುಬಿಡುತ್ತದೆ. ಹಗಲು ಕೃತಕ ಕಣ್ಣೀರಿನ ಹನಿಗಳನ್ನು ಮತ್ತೆ ಮತ್ತೆ ಹಾಕಿ, ರಾತ್ರಿ ಮುಲಾಮು ಹಚ್ಚಿ, ರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ಪೂರ್ತಿ ಮುಚ್ಚಿದ ಮೇಲೆ ಕಾಗದದ ಟೇಪು ಅಂಟಿಸಬೇಕು. ತೋಟಕ್ಕೆ ಹೋಗುವಾಗ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೂರುವಾಗ ಕನ್ನಡಕ ಹಾಕಿರಬೇಕು. ಕಣ್ಣು ಕೆಂಪಾಗಿ, ನೋವು ಹೆಚ್ಚಿ, ಬೆಳಕು ನೋಡಲಾಗದಂತಾದರೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಬಬಲ್‌ಗಮ್ ಅಗಿಯಿರಿ ಎಂಬ ಸಲಹೆ ನಿಮಗೆ ಈಗಾಗಲೇ ಬಂದಿರಬಹುದು. ಅಗಿಯುವುದು ಐದನೆಯ ನರದ ಕೆಲಸವೆಂದು ಮೇಲೆ ಹೇಳಿದೆ, ಸೋತಿರುವುದು ಏಳನೆಯದು. ಅಕ್ಕನಿಗೆ ಜ್ವರ ಬಂದರೆ ತಂಗಿಗೆ ಕಷಾಯ ಕುಡಿಸಿದಂತಾಯಿತು. ಬಲವಂತವಾಗಿ ಬಲೂನು ಊದಿಸುವುದೂ ಬೇಡ. ದಿನಕ್ಕೆರಡು ಮೂರು ಸಲ, ಕನ್ನಡಿಯ ಮುಂದೆ ಕೂತು, ಹುಬ್ಬು ಎತ್ತುವ, ಮೆಲ್ಲಗೆ ನಗುವ, ತುಟಿ ಸೇರಿಸುವ ಚಲನೆಗಳನ್ನು ಒಂದೊಂದಾಗಿ, ಮೆತ್ತಗೆ ಮಾಡಿದರೆ ಸಾಕು. ಬಿಗಿಯಾಗಿ ಪ್ರಯತ್ನಿಸಿದಷ್ಟೂ ಬಲಗಡೆಯ ಆರೋಗ್ಯವಂತ ಸ್ನಾಯುಗಳೇ ಬಾಯನ್ನು ಇನ್ನಷ್ಟು ತಮ್ಮತ್ತ ಎಳೆದುಕೊಳ್ಳುತ್ತವೆ.

ಚೇತರಿಕೆಯ ಲೆಕ್ಕ ಒಟ್ಟಾರೆ ಒಳ್ಳೆಯದೇ. ಡೆನ್ಮಾರ್ಕಿನ ಪೀಟರ್ಸನ್ ಎಂಬ ವೈದ್ಯರು ಕೋಪನ್‌ಹೇಗನ್ನಿನಲ್ಲಿ ಔಷಧಿ ಕೊಡದೆಯೇ ಗಮನಿಸಿದ 1,701 ಬೆಲ್ಸ್ ಪಾಲ್ಸಿ ರೋಗಿಗಳ ವಿವರವನ್ನು 2002ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ 85 ಮಂದಿಗೆ ಮೂರು ವಾರದೊಳಗೆ ಮೊದಲ ಅಲುಗಾಟ ಕಂಡಿತ್ತು. ಶೇ 71 ಮಂದಿ ಪೂರ್ತಿ ಗುಣವಾದರು. ಏಕೆ ಕೆಲವರಿಗೆ ಮೂರು ವಾರ, ಕೆಲವರಿಗೆ ನಾಲ್ಕೈದು ತಿಂಗಳು? ನರತಂತುವಿನ ಹೊರಹೊದಿಕೆ ಮಾತ್ರ ಕೆಟ್ಟಿದ್ದರೆ ಅದು ಬೇಗ ಸರಿಯಾಗುತ್ತದೆ. ಒಳತಿರುಳೇ ಸತ್ತಿದ್ದರೆ ಹೊಸದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸುರಂಗದಿಂದ ಮುಖದವರೆಗೆ ಬೆಳೆದು ಬರಬೇಕು. ಹಾಗೆ ಬೆಳೆಯುವಾಗ ದಾರಿ ತಪ್ಪುವುದೂ ಉಂಟು. ಬಾಯಿಗೆ ಹೋಗಬೇಕಾದ ಎಳೆ ಕಣ್ಣಿಗೆ ಹೋಗಿ ಸೇರಿದರೆ ನಗುವಾಗ ಕಣ್ಣು ಕಿರಿದಾಗುತ್ತದೆ. ಜೊಲ್ಲಿಗೆ ಹೋಗಬೇಕಾದದ್ದು ಕಣ್ಣೀರಿನ ಗ್ರಂಥಿಗೆ ಹೋದರೆ ಊಟಕ್ಕೆ ಕೂತಾಗ ಒಂದು ಕಣ್ಣಿನಿಂದ ನೀರಿಳಿಯುತ್ತದೆ. ವೈದ್ಯರು ಇದನ್ನು ಮೊಸಳೆ ಕಣ್ಣೀರು ಎಂದೇ ಕರೆಯುತ್ತಾರೆ, ಇಲ್ಲಿ ಮಾತ್ರ ಆ ಮಾತಿನಲ್ಲಿ ಕಪಟವಿಲ್ಲ. ಇವಕ್ಕೂ ಮುಖದ ಫಿಸಿಯೋಥೆರಪಿ, ಬೊಟುಲಿನಮ್ ಚುಚ್ಚುಮದ್ದುಗಳಂತಹ ದಾರಿಗಳಿವೆ, ಆದರೆ ಅವು ತಿಂಗಳುಗಳ ನಂತರದ ಮಾತು.

ಕೊನೆಯದಾಗಿ ತಾಳಮದ್ದಳೆ. ನಮ್ಮ ವರ್ಣಮಾಲೆಯನ್ನು ಜೋಡಿಸಿದವರು ತಿಳಿಯದೆಯೇ ಕಪಾಲ ನರಗಳ ಒಂದು ಪರೀಕ್ಷಾಪಟ್ಟಿಯನ್ನೇ ಮಾಡಿಟ್ಟಿದ್ದಾರೆ ಎಂದು ವಿದ್ಯಾರ್ಥಿಗಳಿಗೆ ಹೇಳುವುದಿದೆ. ಟವರ್ಗ, ತವರ್ಗಗಳು ನಾಲಿಗೆಯವು, ಅಂದರೆ ಹನ್ನೆರಡನೆಯ ನರದ್ದು. ಕವರ್ಗಕ್ಕೆ ನಾಲಿಗೆಯ ಬುಡದ ಜೊತೆಗೆ ಮೆದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು, ಅದು ಹತ್ತನೆಯದರ ಕೆಲಸ. ಪವರ್ಗ ತುಟಿಯದು, ಏಳನೆಯದರದ್ದು. ತಂದೆಯವರಿಗೆ ‘ಕರ್ಣ’ ಎನ್ನುವುದು ಸುಲಭ, ‘ಭೀಮ’ ಎನ್ನುವಾಗ ಎಡತುಟಿಯಿಂದ ಗಾಳಿ ಸೋರುತ್ತದೆ. ಮನೆಯಲ್ಲೇ ದಿನವೂ ಒಂದು ಹೊತ್ತು ಪ, ಫ, ಬ, ಭ, ಮ ಹೇಳಿಸಿ ಕೇಳಿ. ಎಡತುಟಿಯ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದರೆ ಈಗಲೇ ಮಾತು ಸ್ಪಷ್ಟವಾಗುತ್ತದೆ. ಅವರ ಮಾತಿನ ಕಟ್ಟು, ಪ್ರಸಂಗದ ನೆನಪು, ಎದುರಿನವರಿಗೆ ಉತ್ತರ ಕೊಡುವ ಚುರುಕು ಇರುವುದು ಮಿದುಳಿನಲ್ಲಿ, ಅಲ್ಲಿ ಏನೂ ಆಗಿಲ್ಲ. ಬಾಯಿ ಮುಕ್ಕಳಿಸುವಾಗ ನೀರು ಸೋರುವುದು ನಿಂತ ದಿನ ಭಕಾರವೂ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಆಮೇಲೆ ಕೂಟಕ್ಕೆ ಒಪ್ಪಿಕೊಳ್ಳಬಹುದು. ಅಲ್ಲಿಯವರೆಗೆ ಹೋಗಿ ಕೇಳಲು ಅಡ್ಡಿಯಿಲ್ಲ. ಎಡಗಿವಿಗೆ ಮಾತ್ರ ಸ್ವಲ್ಪ ಹತ್ತಿ ಇಟ್ಟುಕೊಂಡು, ಚೆಂಡೆಯಿಂದ ದೂರ ಕೂರಲಿ.